ಕೈಗೇ ಮುಟ್ಟಬೇಕು

ಕೊಡೆ ಇವತ್ತೂ ತಪ್ಪಿಸಿಕೊಂಡಿದ್ದ.

ಟೈರಿನ ಅಂಗಡಿಯ ಬಾಗಿಲು ತೆರೆದಿತ್ತು. ಮೇಜಿನ ಮೇಲೆ ಅರ್ಧ ಕುಡಿದಿಟ್ಟ ಚಹಾ ಇನ್ನೂ ಬಿಸಿಯಾಗಿತ್ತು. ಕುರ್ಚಿ ಮಾತ್ರ ಖಾಲಿ. ಕೋರ್ಟಿನ ಅಮೀನ ನೋಟೀಸನ್ನು ಮತ್ತೆ ಚೀಲಕ್ಕೆ ಸೇರಿಸಿ, "ಇದು ಆರನೇ ಸಲ" ಎಂದ. ಊರವರಿಗೆಲ್ಲ ನೋಟೀಸು ಮುಟ್ಟಿಸಿಯೇ ಅವನ ಚಪ್ಪಲಿ ಸವೆದಿತ್ತು. ಜೊತೆಗೆ ಬಂದಿದ್ದ ಫ್ರೇಮಿನವನು ಹಲ್ಲು ಕಡಿದ.

ವಾರ್ಡಿನ ಚುನಾವಣೆ ಮುಗಿದರೂ ಜನರ ಬಾಯಲ್ಲಿ ಅಭ್ಯರ್ಥಿಗಳ ಹೆಸರಿನ ಬದಲು ಗುರುತುಗಳೇ ಉಳಿದಿದ್ದವು. ಫೋಟೋಗಳಿಗೆ ಚೌಕಟ್ಟು ಹಾಕುವ ಇವನು ಏಣಿ. ಟೈರು ಮಾರುವ ಅವನು ಕೊಡೆ. ನಿವೃತ್ತ ಮೇಷ್ಟರು ಗಡಿಯಾರ. ನಾಲ್ಕನೆಯದು ಬಾಚಣಿಗೆ, ಒಂದು ಭಾಷಣವಿಲ್ಲ, ಒಂದು ಕರಪತ್ರವಿಲ್ಲ, ಸಿಕ್ಕಿದ್ದು ಹನ್ನೊಂದೇ ಓಟು. ಕೊಡೆ ಏಣಿಯನ್ನು ಒಂಬತ್ತು ಓಟಿನಿಂದ ಸೋಲಿಸಿದ್ದ.

ಗೆದ್ದವನು ಬೇರೆ ಯಾರಾದರೂ ಆಗಿದ್ದರೆ ಫ್ರೇಮಿನವನು ಒಂದು ವಾರ ಮುಖ ಊದಿಸಿಕೊಂಡಿದ್ದು ಸುಮ್ಮನಾಗುತ್ತಿದ್ದ. ಆದರೆ ಕೊಡೆ ಅವನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಮದುವೆಯಾದಾಗಿನಿಂದ ಮನೆಯಲ್ಲಿ ಒಂದೇ ರಾಗ: ಭಾವ ಅಂಗಡಿ ದೊಡ್ಡದು ಮಾಡಿದರು, ಭಾವ ಅಕ್ಕನನ್ನು ಕೇಳದೆ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ. ಗೆದ್ದ ಮೇಲಂತೂ ಕೊಡೆಯ ಸನ್ಮಾನದ ಫೋಟೋಗಳು ಚೌಕಟ್ಟಿಗೆಂದು ಇವನ ಅಂಗಡಿಗೇ ಬರತೊಡಗಿದವು. ಆ ನಗುಮುಖದ ಮೇಲಿನ ಗಾಜು ಒರೆಸುವಾಗ ಅವನ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಆ ಉರಿಯಲ್ಲೇ ಕೋರ್ಟಿಗೆ ಹೋದ. ಸತ್ತವರ ಹೆಸರಲ್ಲಿ ಓಟು ಬಿದ್ದಿದೆ ಎನ್ನಲು ಅವನ ಬಳಿ ಗಟ್ಟಿ ದಾಖಲೆಯಿತ್ತು. ವಕೀಲರು ಅದನ್ನು ನೋಡಿ ತಲೆದೂಗಿ, ಬೆರಳೆತ್ತಿ ಎಚ್ಚರಿಸಿದರು.

"ಕೇಸಲ್ಲಿ ಜೀವ ಇದೆ. ಆದ್ರೆ ಕಣದಲ್ಲಿದ್ದ ಪ್ರತಿಯೊಬ್ಬರಿಗೂ ಮೂವತ್ತು ದಿನದೊಳಗೆ ನೋಟೀಸು ಕೈಗೇ ಮುಟ್ಟಬೇಕು. ವೈರಿ ಆಗ್ಲಿ, ನೆಂಟ ಆಗ್ಲಿ. ಒಬ್ಬರು ತಪ್ಪಿದ್ರೂ ಒಳಗೇನಿದೆ ಅಂತ ಜಡ್ಜು ನೋಡೋದೂ ಇಲ್ಲ, ಕಟ್ಟಿ ಪಕ್ಕಕ್ಕಿಡ್ತಾರೆ."

ಮೇಷ್ಟರು ಮೊದಲ ದಿನವೇ ತೆಗೆದುಕೊಂಡರು. ನೋಟೀಸಿನಲ್ಲಿದ್ದ ಎರಡು ಕಾಗುಣಿತದ ತಪ್ಪು ತಿದ್ದಿ ರುಜು ಹಾಕಿದರು. ಬಾಚಣಿಗೆಯ ಸರದಿ ಬಂದಾಗ ಫ್ರೇಮಿನವನು ನಕ್ಕುಬಿಟ್ಟ.

"ಅದಕ್ಕೆ ನೀವ್ಯಾಕೆ ಅಲೀತೀರಿ? ದಿನಾ ನೋಡೋ ಮುಖ. ನಾನೇ ರುಜು ಹಾಕಿಸಿ ಕೊಡ್ತೀನಿ."

ಅಮೀನನಿಗೆ ಅಷ್ಟೇ ಬೇಕಿತ್ತು. ಫ್ರೇಮಿನವನು ಅಂಗಡಿಯಲ್ಲಿ ಕೂತು ರುಜುವನ್ನು ತಾನೇ ಗೀಚಿದ. ಅದಕ್ಕೆ ಅವನ ಕೈ ಪಳಗಿತ್ತು. ನೋಟೀಸನ್ನು ನಾಲ್ಕು ಮಡಿಕೆ ಮಾಡಿ, ಸಡಿಲವಾಗಿದ್ದ ಯಾವುದೋ ಫೋಟೋದ ಬೆನ್ನಿಗೆ ಒತ್ತುಕೊಟ್ಟು ಮೊಳೆ ಹೊಡೆದ.

ಉಳಿದವನು ಕೊಡೆ ಒಬ್ಬನೇ. ಪ್ರತಿ ಸಲವೂ ಕೂದಲೆಳೆಯ ಅಂತರದಲ್ಲಿ ಜಾರಿಕೊಳ್ಳುತ್ತಿದ್ದ. ಎಲ್ಲಿಗೆ, ಎಷ್ಟು ಹೊತ್ತಿಗೆ ಹೋಗುತ್ತೇನೆಂದು ಫ್ರೇಮಿನವನು ಬಾಯಿಬಿಡುತ್ತಿದ್ದುದು ಒಂದೇ ಕಡೆ, ಊಟಕ್ಕೆ ಕೂತಾಗ, ಹೆಂಡತಿಯ ಮುಂದೆ.

ಅನುಮಾನಕ್ಕೆ ಇನ್ನೇನು ಬೇಕು? ಅವಳು ಫೋನಿನಲ್ಲಿ ದನಿ ತಗ್ಗಿಸಿದರೆ ಇವನ ಕಿವಿ ನೆಟ್ಟಗಾಗುತ್ತಿತ್ತು. ಅಕ್ಕನ ಮನೆಗೆಂದು ತಲೆ ಬಾಚಿಕೊಂಡರೆ ರಕ್ತ ಕುದಿಯುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಅವಳ ಸಂಜೆಯ ಪ್ರಶ್ನೆ. ಅಂಗಡಿ ಮುಚ್ಚಿ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು:

"ನನಗೇನಾದ್ರೂ ಬಂತಾ?"

"ನಿನಗ್ಯಾರು ಕಾಗದ ಬರೀತಾರೆ?"

"ಸುಮ್ನೆ ಕೇಳ್ದೆ."

ಒಂದು ದಿನ ತಟ್ಟೆ ತೊಳೆಯುತ್ತ ಇನ್ನೊಂದು ಮಾತು ಕೇಳಿದಳು. "ಬಾಚಣಿಗೆಗೆ ಓಟು ಹಾಕಿದ ಆ ಹನ್ನೊಂದು ಜನ ಯಾರಿರಬಹುದು?"

"ಕಣ್ಣು ಕಾಣದೋರು," ಎಂದ ಅವನು. "ಆ ಹನ್ನೊಂದೂ ನನಗೆ ಬಿದ್ದಿದ್ರೆ ಇವತ್ತು ನಿನ್ನ ಭಾವ ಟೈರಿಗೆ ಗಾಳಿ ಹೊಡೀತಾ ಕೂತಿರ್ತಿದ್ದ."

ಅವಳು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

ಮೂವತ್ತನೆಯ ದಿನ ಅವನು ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಕೊಡೆ ಸಿಕ್ಕಿದ್ದು ಕ್ಷೌರದ ಅಂಗಡಿಯಲ್ಲಿ. ಕೆನ್ನೆ ತುಂಬ ಸೋಪಿನ ನೊರೆ, ಕೊರಳಿಗೆ ಬಿಗಿದ ಬಟ್ಟೆ. ಆದರೆ ಅವನು ಓಡುವ ಲಕ್ಷಣವನ್ನೇ ತೋರಿಸಲಿಲ್ಲ. ಬಟ್ಟೆಯಡಿಯಿಂದ ಕೈ ಚಾಚಿ ನೋಟೀಸು ತೆಗೆದುಕೊಂಡ, ನಿಧಾನವಾಗಿ ರುಜು ಹಾಕಿದ.

"ಇವತ್ತೇ ಕೊನೇ ದಿನ ಅಲ್ವಾ ತಮ್ಮಾ?" ಎಂದು ಕನ್ನಡಿಯೊಳಗಿಂದಲೇ ಕೇಳಿದ. "ಎಲ್ಲರಿಗೂ ಮುಟ್ಟಿಸಿದ್ಯಾ?"

"ಎಲ್ಲರಿಗೂ. ನೀನೇ ಕೊನೆಯೋನು."

"ಸರಿ ಹಾಗಾದ್ರೆ," ಎಂದು ಕೊಡೆ ಕಣ್ಣು ಮುಚ್ಚಿ ಗಲ್ಲ ಎತ್ತಿದ.

ಸಂಜೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಇವತ್ತೂ ನನಗೇನೂ ಬರ್ಲಿಲ್ವಾ?"

ಗೆದ್ದ ಹುಮ್ಮಸ್ಸಿನಲ್ಲಿ ಫ್ರೇಮಿನವನು ತಿಂಗಳಿಡೀ ನುಂಗಿಕೊಂಡಿದ್ದನ್ನೆಲ್ಲ ಕಾರಿಬಿಟ್ಟ. "ಯಾರ ಕಾಗದಕ್ಕೆ ಕಾಯ್ತಿದ್ದೀಯ? ಅವನದಕ್ಕಾ? ಅವನಿಗೆ ಸುದ್ದಿ ಮುಟ್ಟಿಸ್ತಿದ್ದೋಳು ನೀನೇ ಅಂತ ನನಗೆ ಗೊತ್ತಿಲ್ವಾ? ಬಂದಿಲ್ಲ. ಬರೋದೂ ಇಲ್ಲ."

ಅವಳು ಜಗಳಕ್ಕೆ ನಿಲ್ಲಲಿಲ್ಲ. "ಕೊನೇ ಸಲ ಕೇಳ್ದೆ, ಅಷ್ಟೆ," ಎಂದು ಒಳಗೆ ಹೋದಳು.

ವಿಚಾರಣೆಯ ದಿನ ಜಡ್ಜು ರುಜುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಸತ್ತವರ ಓಟಿನ ದಾಖಲೆ ಇನ್ನೂ ಕಟ್ಟು ಬಿಚ್ಚದೆ ಕೂತಿತ್ತು. ಅಷ್ಟರಲ್ಲಿ ಕೊಡೆಯ ವಕೀಲ ಎದ್ದ.

"ಬಾಚಣಿಗೆಯ ರುಜು ಬಗ್ಗೆ ತಕರಾರಿದೆ, ಸ್ವಾಮಿ. ಆ ಅಭ್ಯರ್ಥಿ ಇಲ್ಲೇ ಇದ್ದಾರೆ, ಅವರನ್ನೇ ಕೇಳಬಹುದು."

ಹಿಂದಿನ ಬೆಂಚು ಕಿರುಗುಟ್ಟಿತು. ಫ್ರೇಮಿನವನು ತಿರುಗಿ ನೋಡಲಿಲ್ಲ. ಆ ಹೆಜ್ಜೆಯ ಸದ್ದು ಅವನಿಗೆ ಹದಿನಾಲ್ಕು ವರ್ಷದಿಂದ ಗೊತ್ತಿತ್ತು. ತನ್ನ ನಾಮಪತ್ರ ತಿರಸ್ಕಾರವಾದರೆ ಮನೆಯದೇ ಇನ್ನೊಂದು ಹೆಸರು ಕಣದಲ್ಲಿರಲಿ ಎಂದು ಅರ್ಜಿ ಹಾಕಿಸಿದವನು ಅವನೇ. ವಾಪಸು ತೆಗೆಸುವ ದಿನವನ್ನು ಮರೆತವನೂ ಅವನೇ.

"ಆ ರುಜು ನನ್ನದಲ್ಲ ಸ್ವಾಮಿ," ಎಂದಳು ಅವನ ಹೆಂಡತಿ. "ಮೂವತ್ತು ದಿನಾನೂ ಸಂಜೆ ಇವರನ್ನೇ ಕೇಳಿದ್ದೀನಿ, ನನಗೇನಾದ್ರೂ ಬಂತಾ ಅಂತ."