ಕಟೌಟ್ ಎಲ್ಲಿ ಕೂರಿಸಬೇಕು?

"ಕಟೌಟ್ ಎಲ್ಲಿ ಕೂರಿಸಿದ್ರೆ ಸರಿ?" ಎಂದು ಪಿಕಪ್ಪಿನಿಂದ ಇಳಿದ ಮನುಷ್ಯ ಕೇಳಿದಾಗಲೇ ಅತಿಶಯ್‌ಗೆ ಅನುಮಾನ ಬಂತು. ಗಿರಾಕಿಗಳು ಹಾಗೆ ಕೇಳುವುದಿಲ್ಲ. ಹಾಕಿಕೊಡು ಎನ್ನುತ್ತಾರೆ, ಎಷ್ಟು ಹೊತ್ತಾಗುತ್ತೆ ಎನ್ನುತ್ತಾರೆ. ಎಲ್ಲಿ, ಯಾಕೆ ಎಂದು ವಿಚಾರಿಸುವವರು ಸರ್ಕಾರಿ ಸಂಬಳದವರು ಮಾತ್ರ.

ಇದು ಥಿಯೇಟರಿನ ಮುಂದೆ ಹಾರ ಹಾಕಿ ನಿಲ್ಲಿಸುವ ಕಟೌಟ್ ಅಲ್ಲ. ಗಾಡಿಯ ಹೊಗೆ ಕೊಳವೆಯ ನಡುವೆ ಕೂರಿಸುವ ಒಂದು ಪುಟ್ಟ ಬಾಗಿಲು. ಗುಂಡಿ ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ಹೊಗೆ ಸೈಲೆನ್ಸರ್‌ಗೆ ಹೋಗದೆ ನೇರ ಹೊರಗೆ ನುಗ್ಗುತ್ತದೆ. ಇಂಜಿನ್ ಹಗುರಾಗುತ್ತದೆ, ಊರು ಕಿವಿ ಮುಚ್ಚಿಕೊಳ್ಳುತ್ತದೆ. ಚನ್ನರಾಯಪಟ್ಟಣದ ಬೈಪಾಸಿನಲ್ಲಿ ಅತಿಶಯ್‌ನಷ್ಟು ನಾಜೂಕಾಗಿ ಅದನ್ನು ಕೂರಿಸುವವರು ಇನ್ನೊಬ್ಬರಿರಲಿಲ್ಲ. ರಸ್ತೆಯ ಮೇಲೆ ಅದು ಕಾನೂನಿಗೆ ವಿರುದ್ಧ ಎಂಬುದೊಂದೇ ತೊಡಕು.

ಹಿಂದಿನ ವಾರವಷ್ಟೇ ಹಾಸನದಲ್ಲಿ ಪೊಲೀಸರು ಸದ್ದು ಮಾಡುವ ಸೈಲೆನ್ಸರ್‌ಗಳನ್ನೆಲ್ಲ ಕಿತ್ತು, ಸಾಲಾಗಿ ಮಲಗಿಸಿ, ಮೇಲೆ ರೋಲರ್ ಹತ್ತಿಸಿದ್ದರು. ಅರಕಲಗೂಡಿನಲ್ಲಿ ಗೆಳೆಯ ಬಸವೇಶನ ಗ್ಯಾರೇಜಿಗೆ ಗಿರಾಕಿಯಂತೆ ಬಂದವನೊಬ್ಬ ಎಲ್ಲ ಬಾಯಿ ಬಿಡಿಸಿ, ಕೊನೆಗೆ ಗುರುತಿನ ಚೀಟಿ ತೋರಿಸಿ ಬೀಗ ಜಡಿಸಿ ಹೋಗಿದ್ದ.

ಅತಿಶಯ್‌ಗೆ ಬೀಗದ ಭಯಕ್ಕಿಂತ ಭಾನುವಾರದ ಭಯ ಹೆಚ್ಚು. ಭಾನುವಾರ ಹೊಳೆನರಸೀಪುರಕ್ಕೆ ಹೆಣ್ಣು ನೋಡಲು ಹೋಗಬೇಕಿತ್ತು. ಅವನಿಗೆ ಮೂವತ್ನಾಲ್ಕು ವರ್ಷ. ಮೆಕ್ಯಾನಿಕ್ ಎಂದ ಕೂಡಲೇ ಏಳು ಮನೆಯವರು ಜಾತಕ ವಾಪಸ್ ಕಳಿಸಿದ್ದರು. ಚಿಕ್ಕಮ್ಮ ಚಂದ್ರಪ್ರಭಾ ಹೇಗೋ ಎಂಟನೆಯದೊಂದನ್ನು ಕುದುರಿಸಿದ್ದಳು: ಪಾತ್ರೆ ಅಂಗಡಿ ಪದ್ಮಯ್ಯನವರ ಮಗಳು ಸಿದ್ಧಿ. ಆ ಮನೆಯವರ ಪೈಕಿ ಅತಿಶಯ್ ಕಂಡಿದ್ದು ಆ ಹುಡುಗಿಯ ಫೋಟೋ ಒಂದನ್ನೇ. ಕಂಡಾಗಿನಿಂದ ಕೈಯಲ್ಲಿ ಸ್ಪ್ಯಾನರ್ ನಿಲ್ಲುತ್ತಿರಲಿಲ್ಲ. ಅವರು ನಾಲ್ಕು ಕಡೆ ವಿಚಾರಿಸುತ್ತಾರೆ, ನೆಟ್ಟಗಿರು ಎಂದು ಚಿಕ್ಕಮ್ಮ ಎಚ್ಚರಿಸಿದ್ದಳು. ಹುಡುಗಿಯದು ಒಂದೇ ಒಂದು ಷರತ್ತಂತೆ, ಅದನ್ನು ಅವಳೇ ಹೇಳುತ್ತಾಳಂತೆ. ಈ ಕೆಲಸ ಬಿಡು ಎನ್ನುತ್ತಾಳೆ, ಇನ್ನೇನು ಎಂದುಕೊಂಡು ಅವನು ಮನಸ್ಸಿನಲ್ಲೇ ಒಪ್ಪಿಯೂ ಆಗಿತ್ತು. ಈಗ ಕೇಸು ಬಿದ್ದು ಪೇಪರಿನಲ್ಲಿ ಹೆಸರು ಬಂದರೆ ಎಲ್ಲ ಮುಗಿದಂತೆ.

ಅವನು ಬಂದವನನ್ನು ಓರೆಗಣ್ಣಿನಲ್ಲಿ ಅಳೆದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪುಟ್ಟ ಡೈರಿ. ಹೆಸರು ಕೇಳಿದರೆ "ಹೆಸರ್ಯಾಕೆ, ಕೆಲ್ಸದ ಮಾತಾಡೋಣ" ಎಂಬ ಉತ್ತರ. ಪಿಕಪ್ಪಿನ ಅವತಾರವೇ ಬೇರೆ: ಎತ್ತರಿಸಿದ ಮೈ, ಬದಲಿಸಿದ ಟರ್ಬೊ, ಚಾವಣಿಯವರೆಗೆ ಒಣಗಿದ ಕೆಸರು, ಬಾಗಿಲ ಮೇಲೆ ಅರ್ಧ ಅಳಿಸಿದ ದೊಡ್ಡ ನಂಬರು. ಗ್ಯಾರೇಜಿನೊಳಕ್ಕೆ ತಿರುಗಿಸುವಷ್ಟರಲ್ಲಿ ಆತ ಎರಡು ಸಲ ಇಂಜಿನ್ ಆಫ್ ಮಾಡಿಕೊಂಡಿದ್ದ. ಸೀಟು ಎಷ್ಟು ಮುಂದಕ್ಕಿತ್ತೆಂದರೆ ಇಳಿಯುವಾಗ ಮೊಣಕಾಲು ಸ್ಟೇರಿಂಗಿಗೆ ಬಡಿಯಿತು. ಗಾಡಿ ಈತನದಲ್ಲ, ಖಂಡಿತ. ಎಲ್ಲೋ ಜಪ್ತಿ ಮಾಡಿದ್ದನ್ನೇ ಗಾಳ ಹಾಕಲು ತಂದಿದ್ದಾನೆ. ಬಾಗಿಲ ಮೇಲಿರುವುದು ಕೇಸಿನ ನಂಬರು.

ಎದುರು ಹೋಟೆಲಿನ ಗುಂಡಯ್ಯನಿಗೆ ಕೈ ಬೀಸಿ ಟೀ, ಬಿಸಿ ಈರುಳ್ಳಿ ಬೋಂಡ ತರಿಸಿದ. ಅವನದು ಜೈನರ ಮನೆ, ಈರುಳ್ಳಿ ಹೊಸ್ತಿಲು ದಾಟಿ ಒಳಗೆ ಬರುವಂತಿಲ್ಲ; ಗ್ಯಾರೇಜಿನ ಮೇಲೆ ಚಿಕ್ಕಮ್ಮನ ಕಣ್ಣಿರಲಿಲ್ಲ. ಆತ ತಟ್ಟೆ ನೋಡಿದ, ಅತಿಶಯ್‌ನ ಮುಖ ನೋಡಿದ, ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಬೋಂಡಕ್ಕೂ ಬಗ್ಗದ ಅಧಿಕಾರಿ!

"ನಿಮಗೆ ಕೆಲ್ಸ ಚೆನ್ನಾಗಿ ಬರುತ್ತೆ ಅಂತ ಕೇಳ್ಕೊಂಡು ಬಂದೆ," ಎಂದ ಆತ, ಡೈರಿ ಬಿಚ್ಚುತ್ತ. "ಎಲ್ಲಿ ಕೂರಿಸ್ಬೇಕು, ಯಾಕೆ ಅಲ್ಲೇ ಕೂರಿಸ್ಬೇಕು, ಹೇಳಿ. ಬರ್ಕೋತೀನಿ."

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಸೈಲೆನ್ಸರ್‌ಗಿಂತ ಮುಂಚೆ, ಟರ್ಬೊದಿಂದ ಇಳಿದ ಕೊಳವೆ ನೇರವಾಗುವ ಕಡೆ. ಬಾಯಿ ಹೊರಬದಿಗೆ ಓರೆಯಾಗಿರಬೇಕು. ಡೀಸೆಲ್ ಟ್ಯಾಂಕಿಗೆ, ಬ್ರೇಕ್ ಪೈಪಿಗೆ ಬಿಸಿ ತಾಕಬಾರದು. ಕ್ಯಾಬಿನ್ನಿನ ಕೆಳಗೆ ಹೊಗೆ ನಿಲ್ಲಬಾರದು. ಹನ್ನೆರಡು ವರ್ಷ ಗಾಡಿಗಳ ಕೆಳಗೆ ಮಲಗಿ ಕಲಿತ ವಿದ್ಯೆ. ಅಷ್ಟನ್ನೂ ಅವನು ಉಗುಳಿನ ಜೊತೆ ನುಂಗಿದ.

"ನಂಗೇನ್ ಗೊತ್ತು ಸಾ," ಎಂದು ತಲೆ ಕೆರೆದುಕೊಂಡ. "ಸೈಲೆನ್ಸರ್ ಆದ್ಮೇಲೆ, ಬಾಲದ ತುದೀಲಿ ಎಲ್ಲಾದ್ರೂ ಸಿಕ್ಕಿಸ್ತಾರೇನೋ."

ಆತನ ಪೆನ್ನು ನಿಂತಿತು. "ಸೈಲೆನ್ಸರ್ ದಾಟಿದ ಮೇಲೆ ಹಾಕಿ ಏನು ಉಪಯೋಗ?"

ಅತಿಶಯ್ ತನ್ನ ಮಟ್ಟಿಗೆ ಪಂಚರ್ ಮತ್ತು ಆಯಿಲ್ ಬಿಟ್ಟರೆ ಬೇರೇನೂ ತಿಳಿಯದೆಂದು ಆಣೆ ಮಾಡಿ ಹೇಳಿದ. ಗೋಡೆಯ ಮೇಲಿದ್ದ ಸರ್ಟಿಫಿಕೇಟು ಯಾರದೆಂದು ಆತ ಕೇಳಿದಾಗ, ಹಳೇ ಓನರ್‌ದು ಎಂದ. ತನ್ನ ಹೆಸರನ್ನು ಮರೆಮಾಡಲು ಅದರ ಮುಂದೆಯೇ ಹೋಗಿ ನಿಂತ.

"ಕಲಿಯೋ ಆಸೆಯಾದ್ರೂ ಇದೆಯೇನಪ್ಪ?" ಆತನ ದನಿಯಲ್ಲಿ ಏನೋ ಅಂಗಲಾಚುವಂತಿತ್ತು. ಇದು ಕೊನೆಯ ಬಲೆ ಎಂದುಕೊಂಡ ಅತಿಶಯ್.

"ಬ್ಯಾಡಿ ಸಾ. ಸದ್ದು ಮಾಡೋ ಗಾಡಿ ಕಂಡ್ರೇ ನಂಗಾಗಾಕಿಲ್ಲ."

ಆತ ನಿಟ್ಟುಸಿರಿಟ್ಟು ಡೈರಿಯಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದ. ಹೊರಡುವಾಗ ಗಾಡಿ ಮತ್ತೊಮ್ಮೆ ಆಫ್ ಆಯಿತು. ಅದು ತಿರುವಿನಲ್ಲಿ ಮರೆಯಾದ ಮೇಲೆ ಅತಿಶಯ್ ತನ್ನ ಜಾಣತನಕ್ಕೆ ತಾನೇ ಮೆಚ್ಚಿ, ಉಳಿದ ಬೋಂಡಗಳನ್ನೆಲ್ಲ ಒಬ್ಬನೇ ತಿಂದ.

ಶನಿವಾರ ಬೆಳಿಗ್ಗೆ ಚಿಕ್ಕಮ್ಮನ ಫೋನ್ ಬಂತು. ನಾಳೆಗೆ ನೀಲಿ ಅಂಗಿಯೋ ಬಿಳಿಯದೋ ಎಂದು ಇವನೇ ಮೊದಲು ಕೇಳಿದ.

"ಯಾವ್ದೂ ಬೇಡ ಕಣೋ. ಗಂಡು ಹೇಗಿದಾನೆ ನೋಡೋಣ ಅಂತ ಪದ್ಮಯ್ಯನೋರು ಮಗಳು ರೇಸಲ್ಲಿ ಓಡ್ಸೋ ಪಿಕಪ್ ತಗೊಂಡು ನಿನ್ ಗ್ಯಾರೇಜಿಗೇ ಬಂದಿದ್ರಂತೆ. ಈರುಳ್ಳಿ ಬೋಂಡನ ಅವ್ರು ಕ್ಷಮಿಸ್ಬಿಟ್ರಂತೆ. ಆದ್ರೆ ಕಟೌಟ್ ಎಲ್ಲಿ ಕೂರಿಸ್ಬೇಕು ಅಂತ ಗೊತ್ತಿರೋ ಗಂಡೇ ಬೇಕು ಅನ್ನೋದೇ ಆ ಹುಡುಗಿಯ ಒಂದೇ ಷರತ್ತಂತೆ."