ತೋಳಿನ ಬಲ

ಸೊಂಟದ ಕೆಳಗೆ ಸ್ವಾಧೀನವಿಲ್ಲದ ಅತ್ತೆಯ ಮುಂದೆ ಸೊಸೆ ಕೈಯಿಂದ ತಿರುಗಿಸುವ ವ್ಯಾಯಾಮದ ಸೈಕಲ್ಲನ್ನು ದಡಾರನೆ ಇಟ್ಟಳು. ತೋಳಿಗೆ ಬಲ ಬಂದು ಅತ್ತೆ ತಾನೇ ಮಂಚದಿಂದ ಗಾಲಿಕುರ್ಚಿಗೆ ಇಳಿಯುವಂತಾದರೆ ಅವಳು ತವರಿಗೆ ಹೊರಡುವವಳು. ಗಂಡ ಸತ್ತ ಮೇಲೆ ಈ ಮನೆಯಲ್ಲಿ ಅವಳಿಗೇನಿತ್ತು?

"ತಿರುಗಿಸಿ. ಬೈಯೋದಕ್ಕೆ ಬಲ ಇದೆ, ಇದಕ್ಕಿಲ್ವಾ?"

"ನನ್ನ ಮಗನನ್ನು ನುಂಗಿದವಳು ನೀನು. ಬಲ ಬಂದ ದಿನ ನಾನೇ ನಿನ್ನನ್ನು ಹೊರಗೆ ದಬ್ಬುತ್ತೇನೆ."

"ಆ ದಿನ ಬೇಗ ಬರಲಿ ಅಂತಾನೇ ದೇವರಿಗೆ ದೀಪ ಹಚ್ಚುತ್ತಿದ್ದೇನೆ."

ಅತ್ತೆ ಎರಡು ಸುತ್ತು ತಿರುಗಿಸಿ ಕೈಬಿಟ್ಟಳು. "ಆಗೋದಿಲ್ಲ ಕಣೆ. ತೋಳು ಸತ್ತುಹೋಗಿದೆ."

ಸೊಸೆ ಸಿಡುಕುತ್ತ, ಹೊರಗಿನಿಂದ ಬೀಗ ಹಾಕಿಕೊಂಡು ಅಂಗಡಿಗೆ ಹೋದಳು. ಬಂದು ನೋಡಿದರೆ ಅತ್ತೆ ಮಂಚದ ಮೇಲೆಯೇ ಇದ್ದಳು. ಆದರೆ ನಡುಮನೆಯ ಗೋಡೆಯಲ್ಲಿ ತಗ್ಗಾಗಿ ತೂಗುಹಾಕಿದ್ದ ಮಗನ ಪಟಕ್ಕೆ, ಬೆಳಿಗ್ಗೆ ಅವಳು ದೇವರಿಗೆಂದು ತಂದಿಟ್ಟಿದ್ದ ಹೂವಿನ ಮಾಲೆ ಬಿದ್ದಿತ್ತು. ಮಂಚದ ಪಕ್ಕದ ಕುರ್ಚಿಯ ಗಾಲಿಗೆ ಸೇವಂತಿಗೆಯ ಎಸಳೊಂದು ಅಂಟಿತ್ತು.

ಸೊಸೆ ಬಹಳ ಹೊತ್ತು ಪಟವನ್ನೇ ನೋಡುತ್ತ ನಿಂತಳು. ಆಮೇಲೆ ಬಂದು, ಎಸಳನ್ನು ಸೆರಗಿನಿಂದ ಒರೆಸಿ ತೆಗೆದು, ಸೈಕಲ್ಲನ್ನು ಮತ್ತೆ ಅತ್ತೆಯ ಮುಂದಕ್ಕೆ ಎಳೆದಳು.

"ನಿಮ್ಮ ಈ ಕೈಗೆ ಬಲ ಬರೋದಕ್ಕೆ ಇನ್ನೂ ವರ್ಷಗಟ್ಟಲೆ ಬೇಕು. ಬಾಯಿ ಮುಚ್ಚಿಕೊಂಡು ತಿರುಗಿಸಿ."