ಎರಡನೆಯ ಗ್ಲಾಸು

"ಜೇನು!" ಎಂದರು ಮೂಗಪ್ಪನವರು, ಎರಡನೆಯ ಗ್ಲಾಸನ್ನು ಕೆಳಗಿಟ್ಟು ಕಣ್ಣು ಮುಚ್ಚಿಕೊಂಡು. "ಕಾಡುಜೇನು. ಹಿಂದಿಂದೇ ಒಂಚೂರು ಒಣದ್ರಾಕ್ಷಿ. ಆಹಾ! ಹದಿನೈದು ವರ್ಷ ಪೀಪಾಯೀಲಿ ಕೂತಿದ್ದಕ್ಕೂ ಸಾರ್ಥಕ."

ಯಜಮಾನರು ತಮ್ಮ ಗ್ಲಾಸನ್ನು ಮೂಸಿ, "ಜೇನೇ ಜೇನು! ನಂಗೂ ಹಾಗೇ ಬಂತು ನೋಡಿ," ಎಂದರು. ಮಾರಾಟ ವಿಭಾಗದ ಮುಖ್ಯಸ್ಥ ಗ್ಲಾಸು ಮುಟ್ಟದೆಯೇ ಕೋಲೆಬಸವನಂತೆ ತಲೆಯಾಡಿಸಿದ.

ರಮ್ ಕಾರ್ಖಾನೆಯ ಆ ರುಚಿ ನೋಡುವ ಕೋಣೆಯಲ್ಲಿ ಇನ್ನು ಅಭಿಪ್ರಾಯ ಕೊಡದೆ ಉಳಿದವಳು ಹೊಸಬಳೊಬ್ಬಳೇ. ಮೂರು ಪೀಪಾಯಿಗಳಲ್ಲಿ ಒಂದನ್ನು ಆರಿಸಿ ಬಾಟಲಿಗೆ ಕಳಿಸಬೇಕಿತ್ತು. ಮೊದಲ ಗ್ಲಾಸಿನ ಎಂಟು ವರ್ಷದ್ದರಲ್ಲಿ ಕಾಕಂಬಿಯ ಸಿಹಿ ಇನ್ನೂ ಆರಿರಲಿಲ್ಲ. ಮೂರನೆಯದಕ್ಕೆ ಇಪ್ಪತ್ತೊಂದು ವರ್ಷ. ಮರದ ಒಗರು ಜಾಸ್ತಿಯಾದರೂ ಮರ್ಯಾದಸ್ಥ ರಮ್ಮು. ಎರಡನೆಯದನ್ನು ಅವಳು ಮೂಸಿದಳು, ಒಂದು ತೊಟ್ಟು ನಾಲಿಗೆಗೆ ಹಾಕಿ ಬಕೆಟ್ಟಿಗೆ ಉಗಿದಳು, ನೀರು ಕುಡಿದು ಮತ್ತೆ ಮೂಸಿದಳು. ಒದ್ದೆ ಗೋಣಿಚೀಲ. ಅದೂ ವಾರಗಟ್ಟಲೆ ಮೂಲೆಯಲ್ಲಿ ಬಿದ್ದು ಮುಗ್ಗಿದ ಗೋಣಿಚೀಲ.

ಆ ಕೋಣೆಗೊಂದು ಪದ್ಧತಿಯಿತ್ತು. ಹಿರಿಯರು ಮೊದಲು ಬಾಯಿ ಬಿಡಬೇಕು. ಕಿರಿಯರು ಆಮೇಲೆ ಚೀಟಿ ಬರೆದು ಸಹಿ ಹಾಕಬೇಕು. ಚೀಟಿ ಹಿರಿಯರ ಮಾತಿಗೆ ತಾಳೆಯಾಗಬೇಕು. ಇದಕ್ಕೆ ಸ್ವತಂತ್ರ ಪರೀಕ್ಷೆ ಎಂದು ಹೆಸರು. ಐದು ತಿಂಗಳಿಂದ ಹೊಸಬಳು ತನಗೆ ಬಂದ ವಾಸನೆಯನ್ನೇ ಬರೆಯುವ ಉದ್ಧಟತನ ಮಾಡಿದ್ದಳು. ಹನ್ನೊಂದು ಚೀಟಿ ತಾಳೆಯಾಗಿರಲಿಲ್ಲ. ಇವತ್ತೂ ತಪ್ಪಿದರೆ ಲೇಬಲ್ ಅಂಟಿಸುವ ಕೋಣೆಗೆ ಹೋಗಬೇಕೆಂದು ಯಜಮಾನರು ಬೆಳಿಗ್ಗೆಯೇ ಹೇಳಿದ್ದರು. ಈ ಕೆಲಸವೆಂದರೆ ಅವಳಿಗೆ ಜೀವ. ಮೂಗಪ್ಪನವರದೋ ಮೂವತ್ತು ವರ್ಷ ಹೆಸರು ಮಾಡಿದ ಮೂಗು. ಅದರಿಂದಲೇ ಬಂದ ಅಡ್ಡಹೆಸರಿನ ಮುಂದೆ ಅವರ ಸ್ವಂತ ಹೆಸರನ್ನು ಜನ ಮರೆತೇಬಿಟ್ಟಿದ್ದರು. ಅವಳು ಚೀಟಿಯಲ್ಲಿ 'ಜೇನು' ಎಂದು ಬರೆದು ಸಹಿ ಹಾಕಿದಳು.

"ಅಬ್ಬಾ! ಕೊನೆಗೂ ಮೂಗು ದಾರಿಗೆ ಬಂತು," ಎಂದು ಯಜಮಾನರು ಮೆಚ್ಚಿಕೊಂಡರು. ಎರಡನೆಯ ಪೀಪಾಯಿ ಬಾಟಲಿಗೆ ಹೊರಟಿತು. ಹೊಸಬಳು ಸಂಜೆ ಮೂಗಿನ ಡಾಕ್ಟರ ಹತ್ತಿರ ಹೊರಟಳು. ಇಷ್ಟು ಜನಕ್ಕೆ ಜೇನಾದದ್ದು ತನಗೊಬ್ಬಳಿಗೆ ಗೋಣಿಚೀಲವಾದರೆ ಕಾಯಿಲೆ ಯಾರಿಗೆಂದು ಕೇಳಬೇಕೆ?

ಊರಿಗೆ ಮೂಗಿನ ಡಾಕ್ಟರು ಒಬ್ಬರೇ. ಕಾಯುವ ಕೋಣೆಯಲ್ಲಿ ಖಾಲಿಯಿದ್ದ ಒಂದೇ ಕುರ್ಚಿಯಲ್ಲಿ ಕೂತು ಪಕ್ಕಕ್ಕೆ ತಿರುಗಿದರೆ, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತವರು ಮೂಗಪ್ಪನವರು.

"ಸರ್, ನೀವಿಲ್ಲಿ?"

"ಶ್! ಮೆಲ್ಲಗೆ ಮಾತಾಡಮ್ಮ." ಅವರು ಪತ್ರಿಕೆಯನ್ನು ಇನ್ನಷ್ಟು ಮೇಲೆತ್ತಿದರು. "ನೀನು ಬರೋಕೆ ಮುಂಚೆ ನಂಗೊಂದು ಜ್ವರ ಬಂದಿತ್ತು, ಮೂಗು ಹೋಗಿ ಏಳು ತಿಂಗಳಾಯ್ತು. ಮಲ್ಲಿಗೆ ಹಿಡಿದ್ರೂ ಅಷ್ಟೇ, ಸೀಮೆಎಣ್ಣೆ ಹಿಡಿದ್ರೂ ಅಷ್ಟೇ."

"ಮತ್ತೆ ಬೆಳಿಗ್ಗೆ ಜೇನು ಅಂದ್ರಿ?"

"ಹದಿನೈದು ವರ್ಷದ್ದಕ್ಕೆ ಜೇನು ಅಂತ ನನ್ನ ಹಳೇ ಪುಸ್ತಕದಲ್ಲಿದೆ ಕಣಮ್ಮ. ಯಜಮಾನರಿಗೂ ಜೇನೇ ಬಂತಲ್ಲ, ಸದ್ಯ ಬಚಾವಾದೆ ಅಂದ್ಕೊಂಡೆ."

ಹೊಸಬಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ತನ್ನ ಮೂಗು ಕೆಟ್ಟಿಲ್ಲ! ಎದ್ದು ಮನೆಗೆ ಓಡಬೇಕೆನ್ನುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಡಾಕ್ಟರ ಕೋಣೆಯ ಬಾಗಿಲು ತೆರೆಯಿತು. ಕರವಸ್ತ್ರದಿಂದ ಮೂಗೊರೆಸಿಕೊಳ್ಳುತ್ತ ಹೊರಬಂದವರು ಯಜಮಾನರು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಯಜಮಾನರೇ ಹತ್ತಿರ ಬಂದು ಬಗ್ಗಿ, "ನನ್ನ ಮೂಗು ಹೋಗಿ ನಾಲ್ಕು ವರ್ಷ ಆಯ್ತು. ನೀವು ಜೇನು ಅಂದ್ರಿ, ನಾನೂ ಅಂದೆ," ಎಂದು ಮೂಗಪ್ಪನವರಿಗೆ ಪಿಸುಗುಟ್ಟಿದರು. ಆಮೇಲೆ ಇಬ್ಬರೂ ಹೊಸಬಳ ಕಡೆ ತಿರುಗಿದರು.

"ನಿಜ ಹೇಳಮ್ಮ, ನಾವೇನೂ ಅಂದ್ಕೊಳಲ್ಲ. ಆ ಎರಡನೇದು ಹೇಗಿತ್ತು?" ಎಂದರು ಯಜಮಾನರು.

"ಒದ್ದೆ ಗೋಣಿಚೀಲ ಸರ್. ಪೀಪಾಯಿಗೆ ಒಳಗೇ ಬೂಷ್ಟು ಹಿಡಿದಿದೆ. ದಯವಿಟ್ಟು ನಿಲ್ಲಿಸಿಬಿಡಿ."

"ಅದು ಹೇಗೆ ನಿಲ್ಸೋದು? ಮೂರು ಜನ ಒಪ್ಪಿ ಆಗಿದೆ. ನಿನ್ನ ಸಹೀನೂ ಇದೆ." ಯಜಮಾನರು ತಟ್ಟನೆ ನೆಟ್ಟಗೆ ನಿಂತರು. "ಅಲ್ಲಾ, ಗೋಣಿಚೀಲ ಅಂತ ಗೊತ್ತಿದ್ದೂ ಜೇನು ಅಂತ ಬರೆದ್ಯಾ?"

"ಸರ್, ನನ್ನ ಮೂಗೇ ಸರಿಯಿಲ್ವೇನೋ ಅಂತ..."

"ಮೂಗು ಹೋದೋರನ್ನ ಹೇಗೋ ಸಹಿಸ್ಕೋಬಹುದಮ್ಮ. ಪಾಪ, ಕಾಯಿಲೆ ಯಾರ ಕೈಲಿದೆ? ಆದ್ರೆ ಸುಳ್ಳು ಬರೆಯೋರನ್ನ ಆ ಕೋಣೇಲಿ ಇಟ್ಕೊಳ್ಳೋಕಾಗುತ್ತಾ?"

"ಛೆ ಛೆ, ಆಗೋದೇ ಇಲ್ಲ," ಎಂದು ಮೂಗಪ್ಪನವರು ಬಹಳ ನೊಂದುಕೊಂಡರು. ಅಷ್ಟರಲ್ಲಿ ಅವರ ನಂಬರು ಕೂಗಿದರು; ಎದ್ದು ಒಳಗೆ ಹೋದರು.

ಮುಂದಿನ ವಾರ ಲೇಬಲ್ ಕೋಣೆಯಲ್ಲಿ ಹದಿನೈದು ವರ್ಷದ ರಮ್ಮಿನ ಬಾಟಲಿಗಳು ಅವಳ ಮುಂದೆ ಸಾಲಾಗಿ ಬಂದು ನಿಂತವು. ಹೊಸಬಳು ಮೊದಲ ಲೇಬಲ್ಲಿಗೆ ಗೋಂದು ಹಚ್ಚಿ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಸುಕ್ಕು ತೆಗೆದಳು: 'ಕಾಡುಜೇನಿನ ಪರಿಮಳ. ಮೂರು ನುರಿತ ಮೂಗುಗಳ ಒಮ್ಮತದ ಆಯ್ಕೆ.'